ಕ್ರೌನು, ಪಿನಿಯನ್ನು ಮತ್ತು ಒಂದು ಚೂರು ಎಮರಿ ಪೇಪರು

ನಮ್ಮಪ್ಪ ಅಂಗಿಯ ಗುಂಡಿ ಹಾಕಿಕೊಂಡು ನನ್ನೆದುರು ಬಂದು ನಿಂತು, "ಸರಿ ಅದೇನವ್ವ, ನೋಡು" ಅನ್ನುತ್ತಿದ್ದ. ನೋಡಿದರೆ ಸರಿಯಾಗಿಯೇ ಇರುತ್ತಿತ್ತು. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು, ಮತ್ತೆ ನನ್ನ ಕಡೆ ತಿರುಗಿ, ಸರಿ ಅದೇನವ್ವ. ಬೆಳಗಿನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಸರಿ ಅದೇನವ್ವ. ಒಂದೇ ಮಾತ್ರೆ, ಬಿಳಿಯದು. ಅದರಲ್ಲಿ ತಪ್ಪಾಗಲು ಜಾಗವೇ ಇಲ್ಲ. ಆದರೂ ನಾನು ನೋಡಿ "ಸರಿಯಾಗದೆ, ನುಂಗಪ್ಪ" ಅಂದ ಮೇಲೆಯೇ ಅದು ಬಾಯಿಗೆ ಹೋಗುತ್ತಿತ್ತು.

ಎಂಬತ್ತು ದಾಟಿದ ಮನುಷ್ಯ, ಮರೆವಿರಬೇಕು ಅಂತ ನೋಡಿದವರು ಅಂದುಕೊಳ್ಳುತ್ತಿದ್ದರು. ನಮ್ಮ ಅಂಗಡಿಗೆ ಬರುವ ಹೆಂಗಸರಂತೂ "ಪಾಪ, ವಯಸ್ಸಾಯ್ತಲ್ಲ" ಅಂತ ಲೊಚಗುಟ್ಟುತ್ತಿದ್ದರು. ನಾನೂ ಹೌದೌದೆಂದು ತಲೆ ಆಡಿಸುತ್ತಿದ್ದೆ. ಶುದ್ಧ ಸುಳ್ಳು. ಈ ಚಾಳಿ ಅಂಟಿಕೊಂಡಾಗ ಅಪ್ಪನ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಅಂಟಿಸಿದವಳು ನಾನು, ಹದಿಮೂರನೆಯ ವಯಸ್ಸಿನಲ್ಲಿ, ಒಂದು ಚೂರು ತುಕ್ಕು ಉಜ್ಜುವ ಎಮರಿ ಪೇಪರಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ವರ್ಷ ಗುಟ್ಟು ಇಟ್ಟುಕೊಂಡು ನನಗೇ ಸಾಕಾಗಿದೆ. ನಿಮ್ಮನ್ನೂ ಕಾಯಿಸುವ ಆಸೆಯಿಲ್ಲ. ಅಪ್ಪ ಚೆನ್ನಾಗಿದ್ದಾನೆ, ಗಾಬರಿಯಾಗಬೇಡಿ. ಸರಿ ಅದೇನವ್ವ ಅಂತ ಕೇಳುವುದನ್ನು ಮಾತ್ರ ನಿಲ್ಲಿಸಿದ್ದಾನೆ.

ಹುಣಸೂರಿನ ಬಜಾರಿನಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಗಂಡಸರು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ: ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಒಳಗಿನ ಲೈನಿಂಗು, ಅಂಚಿಗೆ ಹೊಲಿಯುವ ಫಾಲು, ಇವನ್ನೆಲ್ಲ ಬಣ್ಣ ಕೂಡಿಸಿ ಕೊಡುವ ಅಂಗಡಿ. ಹಸಿರೊಂದರಲ್ಲೇ ನನ್ನ ಹತ್ತಿರ ಅರವತ್ತು ಥಾನು ಇದೆ. ಪಿರಿಯಾಪಟ್ಟಣದಿಂದ ಬಸ್ಸು ಹಿಡಿದು ಬಂದ ಹೆಂಗಸು "ಗಿಣಿ ಹಸಿರು ಕೊಡಕ್ಕ" ಅಂದರೆ ನಾನು ಕೊಡುವುದಿಲ್ಲ. ಯಾವ ಗಿಣಿ? ಸೀರೆ ತಂದಿದ್ದೀರಾ ಅನ್ನುತ್ತೇನೆ. "ಇಲ್ಲ ಕಣಕ್ಕ, ನೆಪ್ಪದೆ ನಂಗೆ" ಅನ್ನುತ್ತಾಳೆ. ನೆಪ್ಪಿನಲ್ಲಿರುವ ಬಣ್ಣಕ್ಕೆ ಬಟ್ಟೆ ಹರಿದು ಕೊಟ್ಟ ಅಂಗಡಿ ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ಸೀರೆ ತಂದವರನ್ನೂ ಸುಮ್ಮನೆ ಬಿಡುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹೊಂದಿದ್ದು ಬಿಸಿಲಿಗೆ ಹೋದರೆ ಬೇರೆಯಾಗುತ್ತದೆ, ಬನ್ನಿ ಅಂತ ಬೀದಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಎಚ್.ಡಿ. ಕೋಟೆಯ ಮದುವೆ ಮನೆಯವರೊಬ್ಬರು ಫೋನಿನಲ್ಲಿ ಸೀರೆಯ ಫೋಟೋ ತೋರಿಸಿ ಹನ್ನೆರಡು ರವಿಕೆಗೆ ಬಟ್ಟೆ ಕೇಳಿದಾಗ, ಹಂಗಾದ್ರೆ ಫೋನಿಗೇ ರವಿಕೆ ಹೊಲಿಸಿ ಅಂದುಬಿಟ್ಟೆ. ಮೂಗು ಮುರಿದುಕೊಂಡು ಹೋದರು. ಮಾರನೆಯ ದಿನ ಸೀರೆಗಳ ಗಂಟು ಹೊತ್ತುಕೊಂಡು ಬಂದರು. ಈ ಊರಿನಲ್ಲಿ ನನ್ನ ಕಣ್ಣಿಗೆ ಅಷ್ಟು ಬೆಲೆ. ಆ ಬೆಲೆ ಕಟ್ಟಿದವನು ಅಪ್ಪ. ಯಾವ ಆಧಾರದ ಮೇಲೆ ಕಟ್ಟಿದ ಅನ್ನುವುದೇ ತೊಂದರೆ.

ಅಪ್ಪನ ಕಸುಬೂ ಹೊಂದಿಸುವುದೇ, ಬಟ್ಟೆಯ ಬದಲು ಕಬ್ಬಿಣ. ಊರಿನವರು ಅವನನ್ನು ಹೌಸಿಂಗ್ ಚೆನ್ನಪ್ಪ ಅನ್ನುತ್ತಿದ್ದರು. ಹಳೇ ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಬಗ್ಗಿ ನೋಡಿದರೆ ಮಡಕೆಯಂಥ ಒಂದು ಕಬ್ಬಿಣದ ಉಬ್ಬು ಕಾಣುತ್ತದಲ್ಲ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಹೌಸಿಂಗು. ಇಂಜಿನ್ನಿನ ತಿರುಗುವಿಕೆ ಗೇರ್‌ಬಾಕ್ಸು ದಾಟಿ, ಆ ಮಡಕೆಗೆ ಬಂದು, ಅಲ್ಲಿಂದ ಚಕ್ರಗಳಿಗೆ ಹೋಗುತ್ತದೆ. ಗೇರ್‌ಬಾಕ್ಸು ಮತ್ತು ಮಡಕೆ, ಇವೆರಡರ ಒಳಗಿರುವುದೆಲ್ಲ ಅಪ್ಪನ ಇಲಾಖೆ. ಇಂಜಿನ್ ಕೆಟ್ಟು ಬಂದವರಿಗೆ "ಅದು ನಂದಲ್ಲ" ಅನ್ನುತ್ತಿದ್ದ. ಬಾನೆಟ್ಟು ಎತ್ತುತ್ತಲೂ ಇರಲಿಲ್ಲ.

ಅವನ ಶೆಡ್ಡಿಗೆ ಬರುತ್ತಿದ್ದುದೆಲ್ಲ ತಯಾರಾಗುವುದು ನಿಂತುಹೋದ ಗಾಡಿಗಳು. ಕೊಡಗಿನ ಎಸ್ಟೇಟುಗಳಿಂದ ಇಳಿದು ಬರುವ ಹಳೇ ಜೀಪು, ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ ಯಾರೋ ಗೌಡರು ಕೊಂಡ ಲ್ಯಾಂಡ್‌ಮಾಸ್ಟರ್ ಕಾರು, ಯಾವುದೋ ಡಾಕ್ಟರು ಬಿಟ್ಟುಹೋದ ಮೈನರ್ ಕಾರು. ಇವುಗಳ ಗೇರು ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಮುರಿದದ್ದನ್ನು ಕೈಯಲ್ಲಿ ಹಿಡಿದುಕೊಂಡು ಅದರ ಅಣ್ಣತಮ್ಮಂದಿರನ್ನು ಗುಜರಿಯಲ್ಲಿ ಹುಡುಕಬೇಕು. ಬೇರೆಯವರ ಹಿತ್ತಿಲಲ್ಲಿ ತಿಪ್ಪೆ ಇರುವ ಜಾಗದಲ್ಲಿ ನಮಗೆ ಗೇರುಗಳ ಗುಡ್ಡೆ ಇತ್ತು. ಅಪ್ಪ ಎತ್ತಲೋ ನೋಡಿಕೊಂಡು ಗುಡ್ಡೆಗೆ ಕೈಹಾಕಿ, ಒಂದನ್ನೆತ್ತಿ, ಹಲ್ಲುಗಳ ಮೇಲೆ ಹೆಬ್ಬೆರಳನ್ನು ಒಂದು ಸುತ್ತು ಆಡಿಸಿ, "ಜೀಪು, ಸೆಕೆಂಡ್ ಗೇರು, ಹಳೇ ಮಾಡಲ್ಲು" ಅನ್ನುತ್ತಿದ್ದ. ಹಲ್ಲೆಷ್ಟು, ಅವುಗಳ ಓರೆ ಎಷ್ಟು, ನಡುವಿನ ತೂತಿನಲ್ಲಿ ಗೀರೆಷ್ಟು, ಎಲ್ಲವೂ ಆ ಒಂದು ಸುತ್ತಿನಲ್ಲಿ ಗೊತ್ತಾಗುತ್ತಿತ್ತು. ನಾನು ಮಗ್ಗಿ ಕಲಿತದ್ದು ಆ ಹಲ್ಲುಗಳನ್ನು ಎಣಿಸಿಕೊಂಡೇ. ಹದಿನೇಳರ ಮಗ್ಗಿ ಈಗಲೂ ತಪ್ಪುವುದಿಲ್ಲ. ಹದಿನಾರರದು ತಪ್ಪುತ್ತದೆ, ಹದಿನಾರು ಹಲ್ಲಿನ ಗೇರು ನಮ್ಮ ಗುಡ್ಡೆಯಲ್ಲಿರಲಿಲ್ಲ.

ಸರಗೂರಿನ ಕಡೆಯ ರೈತನೊಬ್ಬ ಬಂದದ್ದು ನೆನಪಾಗುತ್ತದೆ. ಜೀಪಿನ ಗೇರು ಹೋಗಿತ್ತು. ಹಾಗೇ ತಂದರೆ ಎಣ್ಣೆ ಪಂಚೆಗೆ ಮೆತ್ತುತ್ತದೆ, ಹುಣಸೂರಿನಲ್ಲಿ ಬೀಗರ ಮನೆಗೆ ಬೇರೆ ಹೋಗಬೇಕು ಅಂತ ಆ ಮಹಾನುಭಾವ ಗೇರನ್ನು ಬಿಸಿ ರಾಗಿಮುದ್ದೆಗೆ ಒತ್ತಿ ಅಚ್ಚು ತೆಗೆದು, ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. ಬಿಚ್ಚಿದರೆ ಅರ್ಧ ಮುದ್ದೆಯೂ ಇರಲಿಲ್ಲ.

"ಮಿಕ್ಕಿದ್ದೆಲ್ಲಪ್ಪಾ?" ಅಂದ ಅಪ್ಪ.

"ಬಸ್ಸಲ್ಲಿ ಪಕ್ಕದೋರ ಮೇಕೆ ತಿಂದ್ಬುಡ್ತು ಕಣಣ್ಣ. ವಸಿ ಕಣ್ಣು ಮುಚ್ಚಿದ್ದೆ ಅಷ್ಟೆ."

ಅಪ್ಪ ನಗಲಿಲ್ಲ. ಉಳಿದಿದ್ದ ಐದು ಹಲ್ಲಿನ ಬಾಗನ್ನು ನೋಡಿ, ದಾರ ಹಿಡಿದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಪೂರ್ತಿ ಸುತ್ತು ಬರೆದು, ಮೇಕೆ ತಿಂದ ಹಲ್ಲುಗಳನ್ನೂ ಎಣಿಸಿದ. ಆಮೇಲೆ ಗುಡ್ಡೆಯಿಂದ ಒಂದು ಗೇರು ತಂದುಕೊಟ್ಟ. ಅದು ಮುದ್ದೆಯಲ್ಲಿದ್ದ ಅಚ್ಚಿಗಿಂತ ಕೊಂಚ ದೊಡ್ಡದಿತ್ತು. ಯಾಕಪ್ಪ ಅಂದರೆ, "ಮುದ್ದೆ ಒಣಗಿದ್ರೆ ಕುಗ್ಗಾಕಿಲ್ವೇನವ್ವ" ಅಂದ. ಗೇರು ಸರಿಯಾಗಿ ಕೂತಿತಂತೆ. ಆ ರೈತ ಆಮೇಲೊಂದು ದಿನ ಒಂದು ಮೂಟೆ ರಾಗಿ ತಂದಿಳಿಸಿ ಹೋದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಪ್ಪನ ಕೈ ಎಂಥದ್ದೆಂದು ನಿಮಗೆ ತಿಳಿದಿರಲಿ ಅಂತ. ಆ ಕೈಯನ್ನು ನಾನು ಕೆಡಿಸಿದೆ.

ಹೌಸಿಂಗಿನ ಒಳಗೆ ಎರಡು ಗೇರು ಮುಖ್ಯ. ತಟ್ಟೆಯಷ್ಟು ದೊಡ್ಡದು ಕ್ರೌನು, ಅದನ್ನು ತಿರುಗಿಸುವ ಪುಟ್ಟದು ಪಿನಿಯನ್ನು. ಕಾರ್ಖಾನೆಯಲ್ಲಿ ಇವೆರಡನ್ನೂ ಒಂದಕ್ಕೊಂದು ಉಜ್ಜಿಯೇ ಹದಕ್ಕೆ ತರುತ್ತಾರೆ. ಹಾಗೆ ಹದವಾದ ಜೋಡಿ ಆ ಜನ್ಮಕ್ಕೆ ಜೋಡಿ. ಬೇರೆಯಾಗದಿರಲಿ ಅಂತ ಎರಡರ ಮೇಲೂ ಒಂದೇ ನಂಬರನ್ನು ತೆಳ್ಳಗೆ ಕೊರೆದಿರುತ್ತಾರೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ನು ಹಾಕಿದರೂ ಹಲ್ಲು ಕೂರುತ್ತದೆ, ಗಾಡಿ ಓಡುತ್ತದೆ. ಆದರೆ ಊಳಿಡುತ್ತದೆ. ನಿಧಾನಕ್ಕೆ ಹೋದರೆ ಗೊತ್ತಾಗುವುದಿಲ್ಲ. ವೇಗ ಹಿಡಿದರೆ ಹಿಂದಿನ ಸೀಟಿನ ಕೆಳಗೆ ಯಾರೋ ಕೂತು ಊಂ ಅಂತ ಅಳುತ್ತಿರುವ ಹಾಗೆ ಕೇಳುತ್ತದೆ.

ಆ ವರ್ಷ ಶೆಡ್ಡಿನಲ್ಲಿ ಎರಡು ಲ್ಯಾಂಡ್‌ಮಾಸ್ಟರ್‌ಗಳು ಹಿಂದಿನ ಚಕ್ರ ಕಳಚಿಕೊಂಡು ನಿಂತಿದ್ದವು. ಒಂದು ಕಟ್ಟೆಮಳಲವಾಡಿಯ ಗೌಡರದು, ಇನ್ನೊಂದು ಚುಂಚನಕಟ್ಟೆಯ ರೈಸ್‌ಮಿಲ್ಲಿನವರದು. ಎರಡಕ್ಕೂ ಕ್ರೌನು ಪಿನಿಯನ್ನು ಹೋಗಿದ್ದವು. ಅಪ್ಪ ಎಲ್ಲೆಲ್ಲೋ ವಿಚಾರಿಸಿ, ಕೊಯಮತ್ತೂರಿನ ಒಂದು ಅಂಗಡಿಯ ಅಟ್ಟದ ಮೇಲೆ ಬಹಳ ವರ್ಷದಿಂದ ಬಿದ್ದಿದ್ದ ಎರಡು ಹೊಸಾ ಜೋಡಿಗಳನ್ನು ಪತ್ತೆ ಮಾಡಿ ತರಿಸಿದ್ದ. ಆಯುಧಪೂಜೆಯ ಹಿಂದಿನ ಸಂಜೆ ಪೆಟ್ಟಿಗೆಗಳು ಬಂದವು. ಬಿಚ್ಚಲು ಹೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಬೂದುಗುಂಬಳ, ಬಾಳೆಕಂದು ತರಲು ಹೊರಟು, "ಸಾಮಾನೆಲ್ಲಾ ಸೀಮೆಣ್ಣೇಲಿ ತೊಳ್ದು ಪೂಜೆಗೆ ಮಡಗವ್ವ" ಅಂದು ಹೋದ.

ಎಲ್ಲಾ ಅಂದರೆ ಎಲ್ಲಾ. ಸ್ಪ್ಯಾನರು, ಜಾಕು, ಸುತ್ತಿಗೆ ಮುಗಿಸಿ ನಾನು ಪೆಟ್ಟಿಗೆಗಳನ್ನೂ ಬಿಚ್ಚಿದೆ. ಹೊಸಾ ವಸ್ತು ಮನೆಗೆ ಬಂದಿರುವಾಗ ಅದನ್ನು ಪೆಟ್ಟಿಗೆಯಲ್ಲೇ ಮುಚ್ಚಿಟ್ಟು ಹಳೇ ಸುತ್ತಿಗೆಗೆ ಕುಂಕುಮ ಇಡುವುದು ಯಾವ ನ್ಯಾಯ? ಎಣ್ಣೆ ಕಾಗದ ಸುಲಿದು, ಗ್ರೀಸು ತೊಳೆದೆ. ನಾಲ್ಕೂ ಥಳಥಳ ಹೊಳೆದವು. ನೋಡಿದರೆ ಒಂದೊಂದರ ಮೇಲೂ ಮೊಳೆಯಲ್ಲಿ ಗೀಚಿದ ಹಾಗೆ ಏನೋ ಇದೆ. ಓದಿದೆ. ಎರಡರ ಮೇಲೆ ನಲವತ್ತೊಂದು, ಎರಡರ ಮೇಲೆ ಅರವತ್ತಮೂರು. ಅಂಗಡಿಯವನು ಸ್ಟಾಕಿನ ಲೆಕ್ಕಕ್ಕೆ ಗೀಚಿರಬೇಕು, ದೇವರ ಮುಂದೆ ಇದೇನು ಅಸಹ್ಯ ಅನ್ನಿಸಿತು. ಅಪ್ಪನ ಪೆಟ್ಟಿಗೆಯಿಂದ ಎಮರಿ ಪೇಪರು ತೆಗೆದು ಕೂತು ಉಜ್ಜಿದೆ. ಸುಲಭಕ್ಕೆ ಹೋಗಲಿಲ್ಲ. ನನಗೂ ಹಟ ಬಂತು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ನಂಬರು ಅಳಿಸಿತು. ನಾಲ್ಕನ್ನೂ ಬಾಳೆಲೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆ. ಅಷ್ಟು ಚೆಂದದ ಪೂಜೆ ನಮ್ಮ ಶೆಡ್ಡಿನಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

ಅಪ್ಪ ಬಂದವನು ನೋಡಿ, "ಪೆಟ್ಟಿಗೆನೂ ಬಿಚ್ಬುಟ್ಯಾ?" ಅಂದ. ಬೈಯಲಿಲ್ಲ. "ಓಗ್ಲಿ ಬುಡು, ನಂಬರಿರ್ತದೆ" ಅಂದ. ಅದು ಅಂಗಡಿಯವನ ಗೀಚಲ್ಲ ಅಂತ ನನಗೆ ಗೊತ್ತಾದದ್ದು ಆಗ. ಮಾರನೆಯ ದಿನ ಭೂತಗನ್ನಡಿ ಹಿಡಿದು ನಾಲ್ಕನ್ನೂ ತಿರುಗಿಸಿ ತಿರುಗಿಸಿ ನೋಡಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಬೊಬ್ಬೆ ಎದ್ದ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು. "ನಂಬರಿತ್ತಪ್ಪ, ನಾನು ಅಳಿಸಿಬಿಟ್ಟೆ" ಅನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಎಮರಿ ಪೇಪರನ್ನು ಸಂಜೆ ನೀರೊಲೆಗೆ ಹಾಕಿದೆ.

ನಂಬರಿಲ್ಲದ ಮಾಲು ಕಳಿಸಿದ್ದಾನೆ, ಇದು ಜೋಡಿಯೋ ಅಲ್ಲವೋ ದೇವರೇ ಬಲ್ಲ ಅಂತ ಅಪ್ಪ ಕೊಯಮತ್ತೂರಿನವನಿಗೆ ಕಾಗದ ಬರೆಸಿದ. ಅಪ್ಪನ ಅಕ್ಷರ ಅಷ್ಟಕ್ಕಷ್ಟೆ; ಬರೆದವಳು ನಾನು. 'ನೀವು ಮನುಷ್ಯರೇ' ಅಂತ ಅಪ್ಪ ಹೇಳಿದ್ದನ್ನು ದುಂಡಗೆ ಬರೆದು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದೆ. ಆ ಪುಣ್ಯಾತ್ಮ ಕನ್ನಡ ಬಲ್ಲ ಯಾರಿಂದ ಓದಿಸಿಕೊಂಡನೋ, ಉತ್ತರ ಬರಲಿಲ್ಲ.

ಆಮೇಲೆ ಅಪ್ಪ ತನಗೆ ಗೊತ್ತಿದ್ದ ದಾರಿ ಹಿಡಿದ. ಹರಳೆಣ್ಣೆಯಲ್ಲಿ ಕುಂಕುಮ ಕಲಸಿ, ಕ್ರೌನಿನ ನಾಲ್ಕಾರು ಹಲ್ಲಿಗೆ ತೆಳ್ಳಗೆ ಬಳಿದು, ಪಿನಿಯನ್ನು ಕೂಡಿಸಿ ತಿರುಗಿಸಿದ. ಹಲ್ಲು ಹಲ್ಲಿಗೆ ತಾಗಿದ ಕಡೆ ಕುಂಕುಮ ಒರೆಸಿಹೋಗಿ ಬೆಳ್ಳಗೆ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಟ್ಟನಡುವೆ ಬಿದ್ದರೆ ಜೋಡಿ ಸರಿ. ಹೊಸಾ ಹಲ್ಲುಗಳು, ಹೀಗೆ ಕೂಡಿಸಿದರೂ ಸುಮಾರಾಗಿ ನಡುವೆ, ಹಾಗೆ ಕೂಡಿಸಿದರೂ ಸುಮಾರಾಗಿ ನಡುವೆ. ಅಪ್ಪ ಎರಡು ದಿನ ನೋಡಿದ. ಮೂರನೆಯ ದಿನ ಒಂದು ತೀರ್ಮಾನಕ್ಕೆ ಬಂದು ಕೂಡಿಸಿದ. ತಪ್ಪಿತು.

ಎರಡು ಕಾರೂ ಊಳಿಟ್ಟವು. ತಿಂಗಳು ಕಳೆದು ಗೌಡರು ಮೈಸೂರಿಗೆ ಹೋಗಿ ಬಂದ ಮೇಲೆ ಸುದ್ದಿ ಬಂತು. ಅದಲು ಬದಲು ಮಾಡಿ ನೋಡೋಣ, ಗಾಡಿ ತನ್ನಿ ಅಂತ ಅಪ್ಪ ಹೇಳಿಕಳಿಸಿದ. ನನ್ನದು ವಸಿ ಸದ್ದು, ಅವರದೇ ಜಾಸ್ತಿ, ಅವರದನ್ನು ಬಿಚ್ಚು ಅಂತ ಗೌಡರು ಹೇಳಿದರು. ಮಿಲ್ಲಿನವರೂ ಅಕ್ಷರ ಬಿಡದೆ ಅದನ್ನೇ ಹೇಳಿದರು. ಜೋಡಿಗಳು ಅಸಲಿ ಅಂತ ಖಚಿತವಾಗಿದ್ದರೆ ಅಪ್ಪ ಕಾಲು ಹಿಡಿದಾದರೂ ತರಿಸುತ್ತಿದ್ದ. ಅವನಿಗೆ ಖಚಿತವಿರಲಿಲ್ಲ. ಖಚಿತವಿದ್ದವಳು ನಾನೊಬ್ಬಳೇ. ನಾನು ಏಳನೇ ಕ್ಲಾಸಿನ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ.

ಕೆ.ಆರ್. ನಗರದಿಂದ ಪಿರಿಯಾಪಟ್ಟಣದವರೆಗೆ "ಚೆನ್ನಪ್ಪ ಆಕಿದ್ ಹೌಸಿಂಗು ಅಳ್ತದೆ" ಅನ್ನುವ ಮಾತು ಹಬ್ಬಿತು. ಆ ಎರಡು ಕಾರು ಬಂದರೆ ಜನ ತಿರುಗಿ ನೋಡದೆ, ಊಳು ಕೇಳಿಯೇ ಅಪ್ಪನ ಹೆಸರು ಹೇಳುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಬೇರೆ ಆಯಿತು. ಅಪ್ಪನಿಗೆ ತನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಹೋಯಿತು. ಗೇರನ್ನು ಎತ್ತಿಕೊಂಡು, ಸುತ್ತು ಆಡಿಸಿ, ತಾನೇ ಹೇಳಿಬಿಡುತ್ತಿದ್ದವನು ಈಗ ಅದನ್ನು ನನ್ನ ಮುಂದೆ ಹಿಡಿದು, "ಸರಿ ಅದೇನವ್ವ, ನೋಡು. ನಿನ್ ಕಣ್ಣು ಚುರುಕು" ಅನ್ನತೊಡಗಿದ. ಇಡೀ ಹುಣಸೂರಿನಲ್ಲಿ ಅವನು ಆರಿಸಿಕೊಂಡ ಕಣ್ಣು ಇದು!

ಮೊದಮೊದಲು ಅಪ್ಪನ ಮುಖ ನೋಡದೆ ಗೇರನ್ನಷ್ಟೇ ನೋಡಿ ಹೇಳುತ್ತಿದ್ದೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯಾಗತೊಡಗಿತು. ದೊಡ್ಡವರೆಲ್ಲ ಕಾದು ನಿಂತಿರುವಾಗ ನಾನು ಹಲ್ಲೆಣಿಸಿ "ಸರಿಯಾಗದೆ" ಅಂದರೆ ಕೆಲಸ ಮುಂದುವರಿಯುತ್ತಿತ್ತು. ನನ್ನನ್ನು ನೋಡಲು ಗಂಡು ಬಂದಾಗಲೂ ಅಪ್ಪ ಒಳಗೆ ಬಂದು ನನ್ನನ್ನೇ ಕೇಳಿದ, ಸರಿ ಅದೇನವ್ವ. ನಮ್ಮ ಕಡೆ ಆ ಕಾಲಕ್ಕೆ ಹೆಣ್ಣನ್ನು ಹಾಗೆ ಕೇಳಿದ ಅಪ್ಪ ಇನ್ನೊಬ್ಬನಿರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿ ಸರಿ ಅಂದೆ. ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಅಂಗಡಿ ಹಾಕಿದಾಗ "ನಮ್ ಮಗಳ ಕಣ್ಣಿಗೆ ಬಿದ್ದದ್ದು ತಪ್ಪಾಕಿಲ್ಲ" ಅಂತ ಊರಿಗೆಲ್ಲ ಹೇಳಿದವನೂ ಅವನೇ. ಒಂದು ಸುಳ್ಳಿನಿಂದ ಇಷ್ಟು ಅನುಕೂಲ ಪಡೆದವರು ರಾಜಕೀಯಕ್ಕೆ ಹೋಗುತ್ತಾರೆ. ನಾನು ರವಿಕೆ ಬಟ್ಟೆ ಮಾರಿಕೊಂಡಿದ್ದೆ.

ಶೆಡ್ಡು ಮುಚ್ಚಿ ಹನ್ನೆರಡು ವರ್ಷವಾಯಿತು. ಅಪ್ಪ ನಮ್ಮ ಜೊತೆಗೇ ಇದ್ದು, ದಿನಾ ಅಂಗಡಿಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಈಚೆಗೆ ಒಂದು ಮಧ್ಯಾಹ್ನ ಕಟ್ಟೆಮಳಲವಾಡಿಯ ಗೌಡರ ಮಗ ದೇವರಾಜು ಅಲ್ಲಿಗೇ ಬಂದ. ಅವನಿಗೂ ಈಗ ಐವತ್ತರ ಹತ್ತಿರ. ಗೌಡರು ತೀರಿಕೊಂಡು ಬಹಳ ಕಾಲವಾಗಿದೆ. ಕಾರನ್ನು ಮಾತ್ರ ಅವನು ಮಗುವಿನ ಹಾಗೆ ನೋಡಿಕೊಂಡಿದ್ದ.

"ಚೆನ್ನಪ್ಪಣ್ಣ, ಮೈಸೂರಲ್ಲಿ ಹಳೇ ಕಾರುಗಳ ಮೆರವಣಿಗೆ ಮಾಡ್ತಾರಂತೆ. ನಂದೂ ತತ್ತೀನಿ ಅಂತ ಒಪ್ಕಂಡ್ಬುಟ್ಟಿವ್ನಿ. ಹೌಸಿಂಗಲ್ಲಿ ಬೇರಿಂಗ್ ಹೋಗದೆ. ಅದ್ಕೇ ಚುಂಚನಕಟ್ಟೆ ಮಿಲ್ಲೋರ ಗಾಡಿ ಗೋಡನ್ನಲ್ಲಿ ತುಕ್ಕಿಡಿತಾ ಇತ್ತಲ್ಲ, ಅದ್ನೂ ತಂದಿವ್ನಿ. ಎರಡ್ರಲ್ಲಿ ನೋಡಿ ಒಂದು ಮಾಡ್ಕೊಡಿ. ಆ ಊಳೊಂದು ನಿಂತ್ರೆ ಸಾಕು ಕಣಣ್ಣ."

ಅಪ್ಪ ಕುರ್ಚಿಯಲ್ಲೇ ನನ್ನ ಕಡೆ ತಿರುಗಿ ನೋಡಿದ. ಆಮೇಲೆ, "ನಮ್ ಮಗಳು ಜತೇಲಿ ಬಂದು ನೋಡಿ ಸರಿ ಅಂದ್ರೆ ಮಾಡ್ತೀನಿ ಕಣಪ್ಪ. ನನ್ ಕೈ ನಂಬಬ್ಯಾಡ" ಅಂದ.

ನನ್ನ ಕೈಲಿದ್ದ ಕತ್ತರಿ ಹಾಗೇ ನಿಂತಿತು. ಎರಡೂ ಕಾರು ಒಂದೇ ಅಂಗಳದಲ್ಲಿ, ನಾಲ್ಕೂ ಗೇರು ಒಂದೇ ಕಡೆ. ನಲವತ್ತು ವರ್ಷದ ಮೇಲೆ ಆ ತಪ್ಪನ್ನು ಬಿಡಿಸಿ ಕಟ್ಟುವ ಅವಕಾಶ. ಹೇಳಿದರೆ ಇವತ್ತು ಹೇಳಬೇಕು. ಹೇಳದಿದ್ದರೆ ಅಪ್ಪ ತನ್ನ ಕೈಯೇ ಸುಳ್ಳು ಅಂದುಕೊಂಡು ಸಾಯುತ್ತಾನೆ. ಹೇಳಿದರೆ ಆಮೇಲೆ ನನ್ನ ಮುಖವನ್ನು ಯಾವ ಕಣ್ಣಿಂದ ನೋಡುತ್ತಾನೋ. ಆ ದಿನ ಒಬ್ಬರಿಗೆ ಬದನೆ ಬಣ್ಣದ ಸೀರೆಗೆ ನೇರಳೆ ಬಣ್ಣದ ಬಟ್ಟೆ ಹರಿದುಕೊಟ್ಟೆ. ವಾಪಸ್ಸು ಬಂತು.

ಭಾನುವಾರ ಕಟ್ಟೆಮಳಲವಾಡಿಗೆ ಹೋದೆವು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ನೆರಳಿನಲ್ಲಿ ಎರಡು ಲ್ಯಾಂಡ್‌ಮಾಸ್ಟರ್‌ಗಳೂ ಹಿಂದಿನ ಚಕ್ರ ಕಳಚಿಕೊಂಡು ಅವತ್ತಿನ ಹಾಗೇ ನಿಂತಿದ್ದವು. ದೇವರಾಜು ಬಿಚ್ಚುವ ಕೆಲಸ ಮುಗಿಸಿ, ಗೋಣಿಚೀಲದ ಮೇಲೆ ಒಂದು ಕಡೆ ತನ್ನ ಕಾರಿನ ಜೋಡಿ, ಇನ್ನೊಂದು ಕಡೆ ಮಿಲ್ಲಿನವರ ಜೋಡಿ ಇಟ್ಟಿದ್ದ. ಅಪ್ಪ ಮಣೆಯ ಮೇಲೆ ಕೂತು, ಜೇಬಿನಿಂದ ಅದೇ ಭೂತಗನ್ನಡಿ ತೆಗೆದ. ಪಿನಿಯನ್ನಿನ ತಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ತಲೆಯಾಡಿಸಿದ.

"ಅವತ್ತೂ ಇರ್ನಿಲ್ಲ, ಇವತ್ತೂ ಇಲ್ಲ. ಆ ಕೊಯಮತ್ತೂರಿನೋನು ಮೋಸ ಮಾಡ್ಬುಟ್ಟ."

"ಇತ್ತು ಕಣಪ್ಪ" ಅಂದೆ.

"ಏನಿತ್ತು?"

"ನಂಬರು. ಎರಡ್ರ ಮೇಲೆ ನಲವತ್ತೊಂದು, ಎರಡ್ರ ಮೇಲೆ ಅರವತ್ಮೂರು. ಪೂಜೆಗೆ ಚೆಂದ ಕಾಣ್ಲಿ ಅಂತ ನಾನೇ ಉಜ್ಜಿ ಅಳಿಸ್ಬುಟ್ಟೆ. ಯೋಳಕ್ಕೆ ಭಯ ಆಯ್ತು."

ಅಪ್ಪ ಭೂತಗನ್ನಡಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ದೇವರಾಜು ಬ್ಯಾರನ್ನಿನ ಹೆಂಚು ಎಣಿಸುತ್ತಿರುವವನ ಹಾಗೆ ಮೇಲೆ ನೋಡುತ್ತ ನಿಂತ.

"ಯಾತ್ರಲ್ಲಿ ಉಜ್ಜಿದೆ?"

"ಎಮರಿ ಪೇಪರಲ್ಲಿ."

"ಎಷ್ಟನೇ ನಂಬರಿಂದು?"

"ಗೊತ್ತಿಲ್ಲಪ್ಪ. ಕಪ್ಪುದು. ಒರಟಾಗಿತ್ತು."

"ಎಂಬತ್ತನೇ ನಂಬರು, ತುಕ್ಕು ಕೆರೆಯೋದು" ಅಂದ ಅಪ್ಪ. "ಒಸಾ ಸಾಮಾನಿಗೆ ಎಂಬತ್ತು ಆಕ್ತಾರೇನವ್ವ, ಯಾರಾರೂ?"

ಅಪ್ಪ ಪಿನಿಯನ್ನನ್ನು ಗೋಣಿಚೀಲದ ಮೇಲೆ ಇಟ್ಟ. "ಆವಯ್ಯಂಗೆ ಬಾಯಿಗೆ ಬಂದಂಗೆ ಕಾಗ್ದ ಬರಸ್ದೆ. ನಿನ್ ಕೈಲೇ ಬರಸ್ದೆ" ಅಂದ. ಆಮೇಲೆ ದನಿ ಒಡೆದು, "ನಲವತ್ತು ವರ್ಷ ನಿನ್ನೇ ಕೇಳ್ಕಂಡು ಬಂದ್ನಲ್ಲವ್ವ" ಅಂದ.

ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಅವ್ವ ಹೋದಾಗ ಒಂದೇ ಸಲ. ನನಗೂ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣಪ್ಪ, ಹೊಟ್ಟೆಗೆ ಹಾಕ್ಕೊ" ಅಂದೆ. ಅಷ್ಟು ವರ್ಷ ಮನಸ್ಸಿನಲ್ಲಿ ತಾಲೀಮು ಮಾಡಿದ ದೊಡ್ಡ ದೊಡ್ಡ ಮಾತೆಲ್ಲ ಹೋಗಿ ಉಳಿದದ್ದು ಅಷ್ಟೇ. ಅಪ್ಪ ತೋಳಿನಲ್ಲಿ ಮುಖ ಒರೆಸಿಕೊಂಡು, "ದೇವರಾಜಪ್ಪ, ವಸಿ ಹರಳೆಣ್ಣೆ ತರ್ಸು. ಕುಂಕುಮನೂ" ಅಂದ.

ಈಗಲಾದರೂ ಬದಲಿಸಿ ಹಾಕಿದರೆ ಊಳು ನಿಲ್ಲುತ್ತದಲ್ಲ ಅಂತ ನನಗೆ ಆಸೆ. ಅಪ್ಪನೂ ಅದನ್ನೇ ಮೊದಲು ನೋಡಿದ. ದೇವರಾಜನ ಕ್ರೌನಿಗೆ ಕುಂಕುಮ ಬಳಿದು, ಮಿಲ್ಲಿನವರ ಪಿನಿಯನ್ನು ಕೂಡಿಸಿ ತಿರುಗಿಸಿದ. ನಲವತ್ತೊಂದಕ್ಕೆ ನಲವತ್ತೊಂದೋ, ಅರವತ್ತಮೂರಕ್ಕೆ ಅರವತ್ತಮೂರೋ, ಅಂತೂ ಹುಟ್ಟಿದ ಜೋಡಿ. ಬೆಳ್ಳನೆಯ ಗುರುತು ಹಲ್ಲಿನ ತೀರಾ ತುದಿಗೆ, ಬೀಳಲೋ ಬೇಡವೋ ಎಂಬಂತೆ ಬಿತ್ತು. ಇನ್ನೊಂದು ಜೋಡಿಯದೂ ಅಷ್ಟೇ. ಆಮೇಲೆ ಇಷ್ಟು ವರ್ಷ ಓಡಿದ ತಪ್ಪು ಜೋಡಿಯನ್ನೇ ಕೂಡಿಸಿ ತಿರುಗಿಸಿದ. ಗುರುತು ಹಲ್ಲಿನ ನಡುವಿಗೆ ಅದಕ್ಕಿಂತ ಎಷ್ಟೋ ಹತ್ತಿರ ಬಿತ್ತು.

"ಸವೆದು ಸವೆದು ಇವಕ್ಕೇ ಒಗ್ಗೋಗವೆ" ಅಂದ ಅಪ್ಪ. "ಇನ್ನು ಬದಲ್ಸಕ್ಕಾಗಕ್ಕಿಲ್ಲ. ಆಗ್ಲೇ ಗೊತ್ತಾಗಿದ್ರೆ ಆಗೋದು."

ಅದನ್ನು ಅವನು ದೇವರಾಜನಿಗೆ ಹೇಳಿದ. ಬಡಿದದ್ದು ನನಗೆ. ನಾನು ಹೇಳಿದ್ದರಿಂದ ಕಾರಿಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ.

ಅಪ್ಪ ಮಿಲ್ಲಿನವರ ಗಾಡಿಯ ಬೇರಿಂಗ್ ತೆಗೆದು ದೇವರಾಜನದಕ್ಕೆ ಹಾಕಿದ. ಕಾಗದದಷ್ಟು ತೆಳ್ಳಗಿನ ತಗಡಿನ ಬಳೆಗಳನ್ನು ಒಂದು ಸೇರಿಸಿ, ಒಂದು ತೆಗೆದು, ಪಿನಿಯನ್ನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಪ್ರತಿ ಸಲವೂ ಕುಂಕುಮ ಬಳಿದು ತಿರುಗಿಸಿ ನೋಡಿದ. ಬಿಸಿಲು ಬ್ಯಾರನ್ನಿನ ಗೋಡೆ ದಾಟಿ ನಮ್ಮ ಮೇಲೆ ಬಂತು. ಮುದ್ದೆ ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಅವನ ಬಲಗಡೆ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಏಳನೆಯದೋ ಎಂಟನೆಯದೋ ಸಲಕ್ಕೆ ಗುರುತು ಹಲ್ಲಿನ ನಟ್ಟನಡುವೆ, ಭತ್ತದ ಕಾಳಿನಷ್ಟು ಉದ್ದಕ್ಕೆ, ಚೊಕ್ಕವಾಗಿ ಬಿತ್ತು. ನನಗೂ ಕಂಡಿತು. ಈಗ ಕೇಳುತ್ತಾನೆ ಅಂತ ನಾನು ಬಗ್ಗಿದೆ.

ಅಪ್ಪ ಗುರುತನ್ನು ನೋಡಿದ. ಹೆಬ್ಬೆರಳನ್ನು ಹಲ್ಲುಗಳ ಮೇಲೆ ಒಂದು ಸುತ್ತು ಆಡಿಸಿದ. ಬಟ್ಟೆಯಿಂದ ಕುಂಕುಮ ಒರೆಸಿ, ಸ್ಪ್ಯಾನರು ತೆಗೆದುಕೊಂಡು ಬೋಲ್ಟು ಬಿಗಿಯತೊಡಗಿದ.

ಸಂಜೆಗೆ ದೇವರಾಜು ಹುಣಸೂರು ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗಿ ಬಂದ. ಮುಖವೆಲ್ಲ ನಗು. "ಮುಕ್ಕಾಲು ಕಮ್ಮಿ ಆಗದೆ ಕಣಣ್ಣ! ಆದ್ರೂ ವಸಿ ಅದೆ ನೋಡಿ. ಸ್ಪೀಡಲ್ಲಿ ಸಣ್ಣಗೆ ಊಂ ಅಂತದೆ."

ಅಪ್ಪ ಕೈಗೆ ಸೋಪು ಹಾಕಿ ಉಜ್ಜಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಅದು ನಂದಲ್ಲ" ಅಂದ.

ಮಾರನೆಯ ಬೆಳಿಗ್ಗೆ ಅಪ್ಪ ಅಂಗಿ ಹಾಕಿಕೊಂಡು ಕೋಣೆಯಿಂದ ಬಂದ. ಗುಂಡಿ ಒಂದು ಮನೆ ತಪ್ಪಿ, ಅಂಗಿಯ ಎಡಗಡೆ ಅಂಚು ಬಲಗಡೆಗಿಂತ ಎರಡು ಬೆರಳು ಕೆಳಗೆ ಜೋತಿತ್ತು. ನಾನು ಎದುರಿಗೇ ನಿಂತಿದ್ದೆ. ಅವನು ನನ್ನನ್ನು ಬಳಸಿಕೊಂಡು ಹೋಗಿ ಮಾತ್ರೆ ನುಂಗಿ ನೀರು ಕುಡಿದ. ಬಾಗಿಲಿಗೆ ಬೀಗ ಹಾಕಿ ಒಂದೇ ಸಲ ಎಳೆದು, ಬೀಗದಕೈಯನ್ನು ತನ್ನ ಜೇಬಿಗೇ ಹಾಕಿಕೊಂಡು ಬೀದಿಗಿಳಿದ. ಅಂಗಡಿಯವರೆಗೂ ನಾನು ಅವನ ಪಕ್ಕದಲ್ಲಿ, ಆ ಜೋತ ಅಂಚನ್ನು ನೋಡಿಕೊಂಡು ನಡೆದೆ. ಕೇಳಿದ್ದರೆ ಹೇಳುತ್ತಿದ್ದೆ. ಅಪ್ಪ ಕೇಳಲಿಲ್ಲ.